ಗೊಲ್ಲಾಳಮ್ಮ ಗುಡಿಸಿದ ಹಿಂದಿನ ಬಯಲು

ನೆಲದ ಮೇಲೆ ಒಂದು ಎಲೆ ಕಂಡರೆ ಗೊಲ್ಲಾಳಮ್ಮನ ಜೀವಕ್ಕೆ ಸಮಾಧಾನವಿರುವುದಿಲ್ಲ. ಊಟಕ್ಕೆ ಕೂತಿರಲಿ, ಯಾರ ಜೊತೆಗಾದರೂ ಜಗಳಕ್ಕೆ ನಿಂತಿರಲಿ, ಕಣ್ಣಂಚಿನಲ್ಲಿ ಒಂದು ಬೇವಿನೆಲೆ ಉದುರಿತೆಂದರೆ ಮುಗಿಯಿತು. ಮೊದಲು ಅದನ್ನು ಹೆಕ್ಕಬೇಕು, ಆಮೇಲೆ ಉಳಿದ ಮಾತು. ಅಷ್ಟರಲ್ಲಿ ಜಗಳಕ್ಕೆ ನಿಂತವರು ನಕ್ಕುಬಿಟ್ಟಿರುತ್ತಾರೆ. ಅವಳು ಹುಟ್ಟಿದ್ದು ಶಿರವಾಳದಲ್ಲಿ. ಅಲ್ಲಿಯ ಹಳೇ ಗುಡಿಗಳ ಅಂಗಳವನ್ನು ಅವಳ ತಾಯಿ ಗುಡಿಸುತ್ತಿದ್ದಳು, ಮಗಳು ನಡೆಯಲು ಕಲಿತದ್ದೇ ಆ ಕಸಬರಿಗೆಯ ಹಿಂದೆ. "ಮಂದಿ ಬರ್ತಾರಂದ್ರ ಅಂಗಳ ಅಂಗೈಹಂಗ ನುಣ್ಣಗಿರಬೇಕು" ಎನ್ನುವುದೊಂದೇ ಆ ತಾಯಿ ಕಲಿಸಿದ ವಿದ್ಯೆ. ಮಗಳು ಅದನ್ನು ಚಾಚೂ ತಪ್ಪದೆ ಕಲಿತಳು.

ಈಗ ಅವಳಿಗೆ ಐವತ್ತೆರಡು. ಶಹಾಪುರದಿಂದ ಸುರಪುರದ ಕಡೆ ಹೋಗುವ ದಾರಿಯಲ್ಲಿ, ಬಂಡೆಗುಡ್ಡ ಮುಗಿದು ತೊಗರಿ ಹೊಲ ಶುರುವಾಗುವ ಕಡೆ, ವಿಶ್ವವಿದ್ಯಾಲಯದ ಒಂದು ಆವರಣವಿದೆ. ಅಲ್ಲಿ ಹದಿನೇಳು ವರ್ಷದಿಂದ ಕಸ ಗುಡಿಸುತ್ತಿದ್ದಾಳೆ. ಗಂಡ ಭಾಗಣ್ಣ ಹತ್ತಿ ಗಿರಣಿಯಲ್ಲಿ ಅಂಡಿಗೆಯ ಮೂಟೆ ಹೊರುವಾಗ ಬಿದ್ದು ಸೊಂಟ ಕೆಡಿಸಿಕೊಂಡ ಮೇಲೆ ಮನೆ ನಿಂತಿರುವುದು ಇವಳ ಕೆಲಸದ ಮೇಲೆಯೇ. ಆ ಕೆಲಸವಾದರೂ ಎಂಥದ್ದು? ಗುತ್ತಿಗೆದಾರನ ಪಟ್ಟಿಯಲ್ಲಿ ಹೆಸರು ಇರುವತನಕ ಒಳಗೆ, ಹೆಸರು ಹೊಡೆದುಹಾಕಿದ ಮಾರನೇ ದಿನ ಗೇಟಿನ ಹೊರಗೆ. ಹದಿನೇಳು ವರ್ಷದಲ್ಲಿ ಗುತ್ತಿಗೆದಾರರು ಐದು ಮಂದಿ ಬದಲಾದರು. ಗೊಲ್ಲಾಳಮ್ಮ ಬದಲಾಗಲಿಲ್ಲ. ಅವಳು ಗುಡಿಸಿದ ನೆಲಕ್ಕೆ ಹೆಸರಿಡುವ ಧೈರ್ಯ ಯಾರಿಗಿತ್ತು!

ಅದೇ ಆವರಣದಲ್ಲಿ ಸಸ್ಯಶಾಸ್ತ್ರ ಕಲಿಸುವ ಪಂಚಶೀಲಾ ಮೇಡಂ ಎರಡು ವರ್ಷದ ಹಿಂದೆ ಒಂದು ಹಟ ಹಿಡಿದರು. ಸುರಪುರದವರು, ಹಿಡಿದದ್ದನ್ನು ಬಿಡುವವರಲ್ಲ. ಈ ಬೋಳು ಆವರಣ ತನ್ನ ನೀರನ್ನೂ ತನ್ನ ಕಸವನ್ನೂ ತಾನೇ ಬಳಸಿಕೊಂಡು ಹಸುರಾಗಬೇಕು, ಅದಕ್ಕೆ ಸರಕಾರದ ದಾರಿ ಕಾಯುವುದು ಬೇಡ, ನಾವೆಲ್ಲ ಸೇರಿಯೇ ಮಾಡೋಣ ಎಂದರು. ಮೊದಮೊದಲು ನಕ್ಕವರೇ ಬಹಳ. ಆದರೆ ಹಾಸ್ಟೆಲಿನಲ್ಲಿ ಪಾತ್ರೆ ತೊಳೆದ ನೀರು ಕಾಲುವೆ ಹಿಡಿದು ಹಿಂದಿನ ಬಯಲಿಗೆ ಹರಿಯತೊಡಗಿತು. ಕ್ಯಾಂಟೀನಿನಲ್ಲಿ ಪ್ಲಾಸ್ಟಿಕ್ ತಟ್ಟೆ ಹೋಗಿ ಮುತ್ತಲದ ಎಲೆಯ ಪತ್ರೋಳಿ ಬಂತು. ಹಿಂದಿನ ಬಯಲಿನಲ್ಲಿ ಬೇವು, ಹುಣಸೆ, ಹೊಂಗೆ, ಬನ್ನಿ ಎಂದು ಮುನ್ನೂರು ಸಸಿ ನೆಟ್ಟರು. ಒಂದೊಂದು ಸಸಿಗೆ ಒಬ್ಬೊಬ್ಬರ ಹೆಸರಿನ ತಗಡು: ವಿದ್ಯಾರ್ಥಿಗಳು, ಮೇಷ್ಟ್ರುಗಳು, ಗುಮಾಸ್ತರು, ಕೊನೆಗೆ ನಿರ್ದೇಶಕ ಸಂಗಮನಾಥ ಅವರದೂ ಒಂದು.

ಯಾದಗಿರಿ ಸೀಮೆಯ ಬೇಸಿಗೆ ಗೊತ್ತಲ್ಲ, ಏಪ್ರಿಲ್ ಬಂತೆಂದರೆ ನೆಲ ಹೆಂಚಾಗುತ್ತದೆ. ಬೋರ್‌ವೆಲ್ ದಿನಕ್ಕೆ ಅರ್ಧ ತಾಸು ನೀರು ಕೊಟ್ಟರೆ ಪುಣ್ಯ. ಅದಕ್ಕೇ ಮಾರ್ಚ್ ತಿಂಗಳಿನಲ್ಲಿ ಮೇಡಂ ಪ್ರತಿ ಸಸಿಯ ಬುಡಕ್ಕೆ ಗೇಣು ದಪ್ಪದ ಹೊದಿಕೆ ಹಾಕಿಸಿದರು. ಒಣ ಎಲೆ, ತೊಗರಿ ಹೊಟ್ಟು, ಹುಣಸಗಿ ಕಡೆಯ ಹುಡುಗರು ತಮ್ಮ ಗದ್ದೆಯಿಂದ ತಂದ ಭತ್ತದ ಹುಲ್ಲು. ಅದರ ಕೆಳಗೆ ಮಣ್ಣು ತಂಪಾಗಿರುತ್ತಿತ್ತು.

ಈ ಕೆಲಸವೆಲ್ಲ ನಡೆದದ್ದು ಭಾನುವಾರಗಳಂದು. ಪಾಠವಿಲ್ಲದ ದಿನ, ಎಲ್ಲರಿಗೂ ಬಿಡುವು. ಗುಡಿಸುವವರಿಗೆ ಭಾನುವಾರ ರಜೆ. ಹಿಂದಿನ ಬಯಲು ಮಾಲಿಯ ಪಾಲಿನದಾದ್ದರಿಂದ ಗೊಲ್ಲಾಳಮ್ಮ ಅಲ್ಲಿಗೆ ಕಾಲಿಟ್ಟವಳೇ ಅಲ್ಲ. ಸೋಮವಾರ ಬೆಳಿಗ್ಗೆ ದೂರದಿಂದ ಆ ಕಸದ ಗುಡ್ಡೆಗಳನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು, ಅಷ್ಟೇ.

"ನೋಡವ್ವಾ, ಕಲ್ತ ಮಂದಿ ಗಿಡಾ ಹಚ್ಚಿ ಅದ್ರ ಸುತ್ತ ತಿಪ್ಪಿ ಹಾಕ್ಯಾರ" ಎಂದು ಜೊತೆಗೆ ಗುಡಿಸುವ ಮಲ್ಲಾಬಾಯಿಗೆ ಹೇಳುತ್ತಿದ್ದಳು.

"ನಮಗ್ಯಾಕ ಬೇಕಕ್ಕಾ ದೊಡ್ಡೋರ ಮಾತು" ಎಂದು ಮಲ್ಲಾಬಾಯಿ ಎಲೆಯಡಿಕೆ ಮೆಲ್ಲುತ್ತಿದ್ದಳು.

ಮೇ ತಿಂಗಳ ಎರಡನೇ ವಾರ ವಿಶ್ವವಿದ್ಯಾಲಯಗಳಿಗೆ ದರ್ಜೆ ಕೊಡುವ ತಂಡ ಬರುತ್ತದೆ ಎಂದು ಸುದ್ದಿಯಾಯಿತು. ಆಮೇಲೆ ಕೇಳಬೇಕೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ ಗೋಡೆಗೆ ಸುಣ್ಣ, ಬಾಗಿಲಿಗೆ ಹೊಸ ಪರದೆ. ತಂಡ ಬರುವ ಹಿಂದಿನ ದಿನ, ನಸುಕಿನಲ್ಲೇ ಗುತ್ತಿಗೆದಾರನ ಸೂಪರ್‌ವೈಸರ್ ಮೋಟಾರ್‌ಬೈಕಿನಿಂದ ಇಳಿಯದೆಯೇ ಹುಕುಂ ಕೊಟ್ಟ.

"ಇವತ್ತು ಮುಂದಿಂದು, ಹಿಂದಿಂದು ಎಲ್ಲಾ ಸಾಫ್ ಆಗಬೇಕು. ಮಾಲಿ ಮಗಳ ಲಗ್ನಕ್ಕಂತ ಗುರುಮಠಕಲ್ಲಿಗೆ ಹೋಗ್ಯಾನ, ಅವನ ಪಾಲಿಂದೂ ನೀವೇ ಮಾಡ್ರಿ. ನಾಳಿ ಒಂದು ಕಡ್ಡಿ ಕಂಡ್ರೂ ಹೆಸರು ಹೊಡೀತೀನಿ ನೋಡು."

ಗೊಲ್ಲಾಳಮ್ಮನಿಗೆ ಅವನ ಬೆದರಿಕೆ ತಾಗಲೇ ಇಲ್ಲ. ಖುಷಿಯೋ ಖುಷಿ. ಎರಡು ತಿಂಗಳಿಂದ ಕಣ್ಣಿಗೆ ಚುಚ್ಚುತ್ತಿದ್ದ ಆ ಬಯಲು ಕೊನೆಗೂ ಕೈಗೆ ಸಿಕ್ಕಿತ್ತು. ಸೆರಗು ಕಟ್ಟಿ ಇಳಿದಳು. ಹಿಂದೆ ಮಲ್ಲಾಬಾಯಿ. ಸಸಿಗಳ ಬುಡದಿಂದ ಹುಲ್ಲು, ಹೊಟ್ಟು, ಎಲೆ ಎಲ್ಲ ಬಳಿದು ಮೂಲೆಯ ಗುಂಡಿಗೆ ಹಾಕಿ ಬೆಂಕಿ ಕೊಟ್ಟರು. ಪಾತಿಯ ಸುತ್ತಿನ ಮಣ್ಣಿನ ಏರಿ ಕಾಲಿಗೆ ತೊಡಕಾದೀತೆಂದು ಅದನ್ನೂ ಕೆರೆದು ಮಟ್ಟ ಮಾಡಿದರು. ಅಷ್ಟಕ್ಕೇ ಬಿಟ್ಟರೇ? ಬಿಡಲಿಲ್ಲ. ಅತಿಥಿಗಳ ಕಾಲಿಗೆ ಧೂಳು ಹತ್ತಬಾರದು. ಪಕ್ಕದ ಹೊಲದವರ ಕೊಟ್ಟಿಗೆಯಿಂದ ಬುಟ್ಟಿಗಟ್ಟಲೆ ಸಗಣಿ ಬೇಡಿ ತಂದು, ಕದಡಿ, ಪ್ರತಿಯೊಂದು ಸಸಿಯ ಬುಡದ ಸುತ್ತ ತನ್ನ ಮನೆಯ ಒಲೆಯ ಮುಂದೆ ಸಾರಿಸುವಂತೆ ನುಣ್ಣಗೆ ಸಾರಿಸಿದಳು. ಮಧ್ಯಾಹ್ನ ಹನ್ನೆರಡಕ್ಕೆ ಸೊಂಟ ಹಿಡಿದುಕೊಂಡು ನೆಟ್ಟಗಾದಾಗ ಆ ಬಯಲು ಮದುವೆಮನೆ ಅಂಗಳದಂತೆ ಫಳಫಳ ಎನ್ನುತ್ತಿತ್ತು. ಅವ್ವ ಇದ್ದಿದ್ದರೆ ನೋಡಿ ಬೆನ್ನು ತಟ್ಟುತ್ತಿದ್ದಳು ಎಂದುಕೊಂಡಳು.

ಎರಡು ಗಂಟೆಯ ಹೊತ್ತಿಗೆ ಪಂಚಶೀಲಾ ಮೇಡಂ ಬಂದರು. ಗೊಲ್ಲಾಳಮ್ಮ ಓಡಿಹೋಗಿ ಎದುರು ನಿಂತಳು, ಮುಖದ ತುಂಬ ನಗು.

"ಹೆಂಗದ ರೀ ಅಕ್ಕೋರ? ಒಂದು ಎಲಿ ಹುಡುಕಿ ತೋರಸ್ರಿ ನೋಡೂನು!"

ಮೇಡಂ ಬಯಲಿನ ಈ ತುದಿಯಿಂದ ಆ ತುದಿಗೆ ನೋಡಿದರು. ಮತ್ತೆ ಆ ತುದಿಯಿಂದ ಈ ತುದಿಗೆ. ನಿಂತಲ್ಲೇ, ಆ ಸಾರಿಸಿದ ನೆಲದ ಮೇಲೆ ಕೂತುಬಿಟ್ಟರು. ಬಿಸಿಲು ಬಡಿಯಿತೇನೋ ಎಂದು ಗೊಲ್ಲಾಳಮ್ಮ ಸೆರಗಿನಿಂದ ಗಾಳಿ ಹಾಕಹೋದಳು. ಮೇಡಂ ಆ ಕೈಯನ್ನು ಸರಿಸಿದರು. ಹದಿನೇಳು ವರ್ಷದಲ್ಲಿ ಅವಳ ಕೈಯನ್ನು ಯಾರೂ ಹಾಗೆ ಸರಿಸಿರಲಿಲ್ಲ.

"ಯಾರು ಹೇಳಿದ್ರವ್ವಾ ನಿನಗ ಇದನ್ನ ಮಾಡಂತ?" ಎಂದಷ್ಟೇ ಕೇಳಿದರು. ದನಿ ಯಾರದೋ ಬೇರೆಯವರದಿದ್ದಂತಿತ್ತು.

ಅಷ್ಟರಲ್ಲಿ ನೀರು ಬಿಡುವ ಮನ್ಸೂರಅಲಿ ಬಂದ. ಪಂಪಿನ ಕೋಣೆ ಗೇಟಿನ ಪಕ್ಕ. ಬೆಳಗಿನ ಹೊತ್ತು ಗೇಟಿನ ಕೀಲಿಯೂ ಅವನ ಹತ್ತಿರವೇ. ಬಂದವನು ಬಯಲು ನೋಡಿ "ಯಾ ಅಲ್ಲಾ" ಎಂದು ತಲೆಯ ಮೇಲೆ ಕೈ ಹೊತ್ತ.

"ಏನಾತೋ? ಏನ್ ಮಾಡೀನಿ ನಾ?" ಗೊಲ್ಲಾಳಮ್ಮನಿಗೆ ಈಗ ಗಾಬರಿ.

ಅವನು ಒಂದು ಕೊಡ ನೀರು ತಂದು ಹತ್ತಿರದ ಹುಣಸೆ ಸಸಿಯ ಬುಡಕ್ಕೆ ಸುರಿದ. ಸಗಣಿ ಸಾರಿಸಿದ ನೆಲ, ಪಾತಿಯ ಏರಿಯೂ ಇಲ್ಲ. ನೀರು ಒಂದು ಹನಿಯೂ ಇಂಗದೆ ತಟ್ಟೆಯ ಮೇಲಿಂದ ಜಾರಿದಂತೆ ಜಾರಿ ದಾರಿಗೆ ಹರಿಯಿತು. ಸ್ವಲ್ಪ ಹೊತ್ತಿಗೆ ಬಿಸಿಲಿಗೆ ಅದೂ ಆರಿತು.

"ನೋಡ್ದೇನಕ್ಕಾ? ಮೊದಲ ಒಂದು ಕೊಡ ಹಾಕಿದ್ರ ಆ ಹೊದಿಕಿ ಕೆಳಗ ನಾಕು ದಿನ ತಂಪಿರ್ತಿತ್ತು. ಆ ಕಸಾ ಕಸಾ ಅಲ್ಲಕ್ಕಾ. ಈ ಕೂಸುಗಳ ಕೌದಿ ಅದು."

ಗೊಲ್ಲಾಳಮ್ಮ ಮೂಲೆಯ ಗುಂಡಿಯ ಕಡೆ ನೋಡಿದಳು, ಇನ್ನೂ ಹೊಗೆಯಾಡುತ್ತಿತ್ತು. ಸಸಿಗಳ ಕಡೆ ನೋಡಿದಳು. ಬೆಳಿಗ್ಗೆ ನೆಟ್ಟಗಿದ್ದ ಹೊಂಗೆಯ ಎಲೆಗಳು ಆಗಲೇ ಬಾಡಿ ಜೋತುಬಿದ್ದಿದ್ದವು. ಅಯ್ಯೋ ಶಿವನೇ, ತಾನೇ! ತನ್ನ ಎರಡೂ ಕೈಯಾರೆ! ಕೈಯಲ್ಲಿದ್ದ ಕಸಬರಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ತಾನೇ ಆದೆನೆಂಬುದು ತಲೆಗೆ ಇಳಿಯಲು ಬಹಳ ಹೊತ್ತು ಬೇಕಾಯಿತು.

ಸುದ್ದಿ ಮುಟ್ಟಿ ನಿರ್ದೇಶಕ ಸಂಗಮನಾಥ ಬಂದರು. ಕೆಟ್ಟವರಲ್ಲ, ಆದರೆ ನಾಳಿನ ಚಿಂತೆಯಲ್ಲಿ ತಲೆ ಕೆಟ್ಟಿತ್ತು. "ಆದದ್ದು ಆಗ್ಯದ. ನಾಳಿ ತಂಡ ಹೋಗೋತನಕ ಇದರ ಬಗ್ಗೆ ಯಾರೂ ಬಾಯಿ ಬಿಡಬ್ಯಾಡ್ರಿ" ಎಂದು ಹೋದರು. ಅವರ ಬೆನ್ನಿಗೇ ಬಂದ ಸೂಪರ್‌ವೈಸರ್ ಗೊಲ್ಲಾಳಮ್ಮನ ಕಿವಿಯ ಹತ್ತಿರ ಬಗ್ಗಿದ. "ನಾ ಹೇಳೇ ಇಲ್ಲ, ತಿಳೀತಾ? ಸುಮ್ನಿದ್ರ ನಿನ್ನ ಹೆಸರು ಪಟ್ಟಿಯೊಳಗಿರ್ತದ. ಬಾಯಿ ಬಿಟ್ಟೆಂದ್ರ ಇಲ್ಲ."

ಆ ಸಂಜೆ ಭಾಗಣ್ಣ ರೊಟ್ಟಿ ತಟ್ಟೆ ಮುಂದಿಟ್ಟರೆ ಅವಳು ಮುಟ್ಟಲಿಲ್ಲ. ಆದದ್ದನ್ನೆಲ್ಲ ಕೇಳಿ ಅವನು, "ಸುಮ್ಮಕಿರು. ನಿನ್ನ ಹೆಸರು ಹೋದ್ರ ನಾವು ತಿನ್ನೂದೇನು?" ಎಂದ. ಹೇಳಿದ್ದು ಸುಳ್ಳಲ್ಲ. ಸುಮ್ಮನಿರುತ್ತೇನೆಂದು ಅವಳೂ ತಲೆಯಾಡಿಸಿದಳು.

ಮಾರನೇ ದಿನ ತಂಡ ಬಂತು, ಮೂರು ಮಂದಿ. ಹಿರಿಯರು ಮೈಸೂರಿನ ಕಡೆಯವರು, ತೆಳ್ಳಗೆ, ಬಿಳಿ ಟೋಪಿ ಹಾಕಿದವರು. ಹಾಸ್ಟೆಲಿನ ನೀರಿನ ಕಾಲುವೆ ನೋಡಿದರು, ಪತ್ರೋಳಿಯಲ್ಲಿ ಉಪ್ಪಿಟ್ಟು ತಿಂದರು, ಹಿಂದಿನ ಬಯಲಿಗೆ ಬಂದರು. ಗೊಲ್ಲಾಳಮ್ಮ, ಮಲ್ಲಾಬಾಯಿ ಗೋಡೆಗಾತು ನಿಂತಿದ್ದರು. ಒಂದೇ ದಿನ, ಒಂದೇ ರಾತ್ರಿ; ಹೊಂಗೆಗಳು ಪೂರ್ತಿ ಜೋತುಬಿದ್ದಿದ್ದವು, ಬೇವಿನ ತುದಿ ಕಂದಿತ್ತು. ಹಿರಿಯರು ಗಿಡ ನೋಡಲಿಲ್ಲ, ನೆಲ ನೋಡಿದರು.

"ಆಹಾ, ಎಷ್ಟು ಚೊಕ್ಕಟವಾಗಿದೆ ನೋಡಿ! ಒಂದು ಎಲೆ ಬಿದ್ದಿಲ್ಲ. ಇಷ್ಟು ಸ್ವಚ್ಛವಾದ ಆವರಣ ನಾನು ಎಲ್ಲೂ ಕಂಡಿಲ್ಲ. ಯಾರಮ್ಮ ಇದನ್ನು ಗುಡಿಸುವವರು?"

ಪಂಚಶೀಲಾ ಮೇಡಂ ಮುಖ ತಿರುಗಿಸಿದರು. ನಿರ್ದೇಶಕರು, ಬೇರೆ ದಾರಿ ಕಾಣದೆ, ಗೊಲ್ಲಾಳಮ್ಮನನ್ನು ಮುಂದಕ್ಕೆ ಕರೆದರು. ಹಿರಿಯರು ತಮಗೆ ಹೊದಿಸಿದ್ದ ಶಾಲನ್ನೇ ತೆಗೆದು ಅವಳ ಹೆಗಲಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೂಪರ್‌ವೈಸರ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಏನು ಹೇಳೋಣ ಆ ಗಳಿಗೆಯನ್ನು! ಹದಿನೇಳು ವರ್ಷ ಗುಡಿಸಿದವಳಿಗೆ ಮೊದಲ ಶಾಲು, ಅದೂ ಇದಕ್ಕೆ! ಮೈಮೇಲೆ ಕೆಂಡ ಸುರಿದ ಹಾಗಾಯಿತು. ಇವರಿಗೆ ಕಣ್ಣಿಲ್ಲವೇ? ಇಷ್ಟು ಓದಿದವರಿಗೆ, ಅಷ್ಟು ದೂರದಿಂದ ಬಂದವರಿಗೆ, ಕಾಲ ಬುಡದಲ್ಲಿ ಸಾಯುತ್ತಿರುವ ಗಿಡ ಕಾಣುವುದಿಲ್ಲವೇ? ಭಾಗಣ್ಣನ ಮಾತು ನೆನಪಿತ್ತು. ಸೂಪರ್‌ವೈಸರ್ ಎದುರಿಗೇ ಇದ್ದ. ಆದರೂ ಬಾಯಿ ಅವಳ ಮಾತು ಕೇಳಲಿಲ್ಲ.

"ಇದು ಸಾಫ್ ಅಲ್ರೀ ಸಾಹೇಬರ. ಇದು ನಾ ಮಾಡಿದ ಘಾತ" ಎಂದಳು. ಶಾಲು ತೆಗೆದು ಅವರ ಕೈಗೇ ಕೊಟ್ಟಳು. "ಇಲ್ಲಿ ಗಿಡದ ಬುಡಕ್ಕ ಹೊದಿಕಿ ಇತ್ರಿ. ಈ ಮಂದಿ ಎರಡು ವರ್ಷ ಕೂಡಿ ದುಡದಾರ. ನಾ ನಿನ್ನಿ ಒಂದೊಪ್ಪತ್ತಿನ್ಯಾಗ ಬಳದು ಸುಟ್ಟೀನಿ. ಮ್ಯಾಲ ಸಗಣಿ ಸಾರಿಸೀನಿ, ನೀರು ಒಳಗ ಹೋಗದಂಗ. ಗಿಡಾ ನೋಡ್ರಿ ಸಾಹೇಬರ, ನೆಲ ಏನ್ ನೋಡ್ತೀರಿ!"

ಹಿರಿಯರು ಬಗ್ಗಿ ಹುಣಸೆ ಸಸಿಯ ಎಲೆ ಮುಟ್ಟಿದರು. ಮುಟ್ಟಿದ್ದೇ ತಡ, ಉದುರಿತು. ಅವರ ಮುಖ ಸಣ್ಣದಾಯಿತು.

"ಹೊದಿಕೆ ಯಾಕೆ ಹಾಕಿದ್ದಾರೆ ಅಂತ ನಿಮಗೆ ಯಾರೂ ಹೇಳಿರಲಿಲ್ವೇನಮ್ಮ?"

"ಇವರೆಲ್ಲಾ ಆಯ್ತವಾರ ಕೂಡ್ತಿದ್ರಿ. ಆಯ್ತವಾರ ನಮಗ ಸೂಟಿ ರೀ."

ಹಿರಿಯರು ಮೇಡಂ ಕಡೆ ತಿರುಗಿದರು. "ಎರಡು ವರ್ಷದಲ್ಲಿ ಎಷ್ಟು ಸಭೆ ಮಾಡಿದ್ದೀರಿ?"

"ಮೂವತ್ತೊಂದು ಸರ್."

"ಗುಡಿಸುವವರನ್ನ ಎಷ್ಟಕ್ಕೆ ಕರೆದಿದ್ದಿರಿ?"

ಎಲ್ಲರೂ ಸೇರಿ, ಎಲ್ಲರೂ ಸೇರಿ ಎಂದು ಎರಡು ವರ್ಷ ಹೇಳಿಕೊಂಡು ತಿರುಗಿದವರು ಪಂಚಶೀಲಾ ಮೇಡಂ. ಮುನ್ನೂರು ತಗಡಿನ ಹೆಸರುಗಳೂ ಅವರಿಗೆ ಬಾಯಿಪಾಠ. ಅದರಲ್ಲಿ ಗುಡಿಸುವವರ ಹೆಸರು ಒಂದೂ ಇರಲಿಲ್ಲವೆಂಬುದು ಆ ಪ್ರಶ್ನೆ ಕೇಳುವ ತನಕ ಅವರಿಗೆ ಹೊಳೆದೇ ಇರಲಿಲ್ಲ.

"ಒಂದಕ್ಕೂ ಇಲ್ಲ ಸರ್" ಎಂದರು ಕೊನೆಗೆ. "ನೆನಪೇ ಆಗಲಿಲ್ಲ."

ತಂಡ ಸಂಜೆ ಹೊರಟುಹೋಯಿತು. ಅವರ ಕಾರು ಗೇಟು ದಾಟಿದ ಅರ್ಧ ತಾಸಿಗೆ ಸೂಪರ್‌ವೈಸರ್ ಪಟ್ಟಿ ತಂದು ಗೊಲ್ಲಾಳಮ್ಮನ ಹೆಸರನ್ನು ಅವಳ ಕಣ್ಣೆದುರೇ ಹೊಡೆದ. ಅವಳು ಜಗಳವಾಡಲಿಲ್ಲ. ಅದೇ ಎಲ್ಲರಿಗೂ ಆಶ್ಚರ್ಯ.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಗೇಟಿನ ಮುಂದೆ ಗೊಲ್ಲಾಳಮ್ಮ ನಿಂತಿದ್ದಳು. ತಲೆಯ ಮೇಲೆ ಗೋಣಿಚೀಲ, ಕೈಯಲ್ಲಿ ಕಳೆ ಕೀಳುವ ಕುರ್ಪಿ. ತನ್ನ ಓಣಿಯ ಆರು ಅಂಗಳದ ಎಲೆಕಸ ಚೀಲದಲ್ಲಿ ತುಂಬಿತ್ತು. ಕೀಲಿ ಹಿಡಿದ ಮನ್ಸೂರಅಲಿ ಪೇಚಿಗೆ ಬಿದ್ದ.

"ಅಕ್ಕಾ, ನಿನ್ನ ಒಳಗ ಬಿಡಬ್ಯಾಡಂತ ಹುಕುಂ ಆಗ್ಯದ."

"ಯಾರಿಗಿ? ಕಸ ಗುಡಸಾಕಿಗಿ. ನಾ ಕಸ ಗುಡಸಾಕ ಬಂದಿಲ್ಲ, ಹಾಕಾಕ ಬಂದೀನಿ. ತಗೀ ಜಲ್ದಿ, ಬಿಸಿಲೇರ್ತದ."

ಮನ್ಸೂರಅಲಿ ಅವಳ ಮುಖ ನೋಡಿದ, ಕೀಲಿ ನೋಡಿದ, ತೆಗೆದ.

ಸಾರಿಸಿದ ನೆಲ ಬಿಸಿಲಿಗೆ ಗಟ್ಟಿಯಾಗಿತ್ತು. ಮೊಣಕಾಲೂರಿ ಕುರ್ಪಿಯಿಂದ ಒಡೆಯತೊಡಗಿದಳು. ಒಡೆದು, ಪಾತಿ ಕಟ್ಟಿ, ನೀರು ಹನಿಸಿ, ಮೇಲೆ ಎಲೆ ಹೊದಿಸುವುದು. ತನ್ನ ಕೈಯಿಂದಲೇ ನೆಲದ ಮೇಲೆ ಕಸ ಹಾಕುವುದೆಂದರೆ ಅವಳಿಗೆ ಎಂಥ ಸಂಕಟವೆಂದು ಅವಳನ್ನು ಬಲ್ಲವರಿಗೇ ಗೊತ್ತು. ಹತ್ತು ಗಿಡ ಮುಗಿಯುವುದರೊಳಗೆ ಚೀಲ ಖಾಲಿಯಾಯಿತು. ಆಗ ಮಲ್ಲಾಬಾಯಿ ಬಂದಳು, ಮುಂದಿನ ಅಂಗಳದಲ್ಲಿ ಗುಡಿಸಿದ್ದನ್ನು ಬುಟ್ಟಿಯಲ್ಲಿ ಹೊತ್ತು. ಹಾಸ್ಟೆಲಿನ ಹುಡುಗಿಯರು ಹಲ್ಲುಜ್ಜುತ್ತಾ ಬಂದವರು ನೋಡಿ ಒಳಗೋಡಿ ಬಕೆಟ್ಟು ತಂದರು. ಎಂಟಕ್ಕೆ ಪಂಚಶೀಲಾ ಮೇಡಂ ಬಂದವರು ಏನೂ ಕೇಳದೆ ಪಕ್ಕದ ಗಿಡದ ಬುಡದಲ್ಲಿ ಕೂತು ಕೈಯಿಂದಲೇ ನೆಲ ಕೆರೆಯತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ಉಗುರಿನಿಂದ ರಕ್ತ ಬಂತು.

"ಸರೀರಿ ಅಕ್ಕೋರ, ನಿಮಗ ಬರೂದಿಲ್ಲ ಇದು. ನೀವು ಎಲಿ ಹಾಕ್ರಿ" ಎಂದು ಗೊಲ್ಲಾಳಮ್ಮ ಗದರಿದಳು. ಮೇಡಂ ಅಲ್ಲಿಯೇ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

ಹತ್ತೂವರೆಗೆ ಸಂಗಮನಾಥ ಅವರು ಹಿಂದಿನ ಬಯಲಿಗೆ ಬರುವಾಗ ಅರವತ್ತು ಎಪ್ಪತ್ತು ಮಂದಿ ನೆಲದಲ್ಲಿದ್ದರು. ನಡುವೆ ಗೊಲ್ಲಾಳಮ್ಮ, ಮೈತುಂಬ ಮಣ್ಣು, ಯಾರಿಗೋ ಪಾತಿ ಕಟ್ಟುವುದನ್ನು ಬೈದು ಬೈದು ಕಲಿಸುತ್ತಿದ್ದಳು. ಅವಳ ಹೆಸರು ಹೊಡೆದದ್ದು ಅವರಿಗೆ ಗೇಟಿನಲ್ಲಿ ಮನ್ಸೂರಅಲಿ ಹೇಳಿ ತಿಳಿದಿತ್ತು. ಬಂದು ಎದುರು ನಿಂತರು. ಎಲ್ಲರ ಕೈಯೂ ನಿಂತಿತು.

"ಗೊಲ್ಲಾಳಮ್ಮಾ, ನಿನ್ನೆ ನಾನೂ ಸುಮ್ಮನಿದ್ದೆ. ನೀ ಒಬ್ಬಾಕೀನೇ ಖರೇ ಹೇಳಿದಿ. ಈಗ ನಾ ಏನ್ ಮಾಡ್ಲಿ ಹೇಳು" ಎಂದರು.

ಕೆಲಸ ವಾಪಸ್ ಕೇಳುತ್ತಾಳೆಂದೇ ಎಲ್ಲರೂ ತಿಳಿದರು. ಮಲ್ಲಾಬಾಯಿಯಂತೂ ಹಿಂದಿನಿಂದ ಕೇಳು, ಕೇಳು ಎಂದು ಚಿವುಟುತ್ತಿದ್ದಳು. ಗೊಲ್ಲಾಳಮ್ಮ ಎದ್ದು ನಿಂತು ಕೈಯ ಮಣ್ಣು ಸೀರೆಗೆ ಒರೆಸಿಕೊಂಡಳು.

"ಮುಂದ ಮೀಟಿಂಗ್ ಮಾಡುವಾಗ ನಮ್ಮನ್ನೂ ಕರೀರಿ ಸಾಹೇಬರ. ಮೂಲ್ಯಾಗ ಕುಂದರ್ತೀವಿ, ನಡುವ ಮಾತಾಡಂಗಿಲ್ಲ. ಯಾವುದು ಕಸ, ಯಾವುದು ಕಸ ಅಲ್ಲ, ಅಷ್ಟು ಕೇಳಿ ಹೋಗ್ತೀವಿ."

ಸಂಗಮನಾಥ ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಅಲ್ಲಿಯೇ ನಿಂತು ಗುತ್ತಿಗೆದಾರನಿಗೆ ಫೋನ್ ಮಾಡಿ ಆಕೆಯ ಹೆಸರು ಪಟ್ಟಿಗೆ ಮತ್ತೆ ಸೇರಬೇಕೆಂದರು. ದನಿ ಏರಿಸಿ ಗದರಿದ್ದು ಬಯಲಿನ ಕೊನೆಗೂ ಕೇಳಿಸಿತು.

ಮಳೆ ಬರುವ ಹೊತ್ತಿಗೆ ಅರವತ್ತಮೂರು ಸಸಿ ಒಣಗಿ ಹೋಗಿದ್ದವು. ಸಭೆ ಈಗ ಗುರುವಾರ ನಡೆಯುತ್ತದೆ, ಗುಡಿಸುವವರೂ ಬರುತ್ತಾರೆ. ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಪಂಚಶೀಲಾ ಮೇಡಂ ಅವರನ್ನು ಹಿಂದಿನ ಬಯಲಿಗೆ ಕರೆತಂದು ಒಣಗಿದ ಆ ಸಸಿಗಳ ಜಾಗ ತೋರಿಸಿ, "ಇವು ನಾವು ಕೊಂದ ಗಿಡ" ಎಂದು ಶುರು ಮಾಡುತ್ತಾರೆ. ಗೊಲ್ಲಾಳಮ್ಮ ಹತ್ತಿರವಿದ್ದರೆ ಅಲ್ಲಿಂದಲೇ ಕೂಗುತ್ತಾಳೆ: "ನಾ ಕೊಂದೀನ್ರಿ ಅವನ್ನ, ನೀವಲ್ಲ!" ಮೇಡಂ ಒಪ್ಪುವುದಿಲ್ಲ. ಗೊಲ್ಲಾಳಮ್ಮನೂ ಬಿಡುವುದಿಲ್ಲ. ಹೊಸ ಹುಡುಗರು ಏನೂ ತಿಳಿಯದೆ ಒಮ್ಮೆ ಇವರ ಮುಖ, ಒಮ್ಮೆ ಅವಳ ಮುಖ ನೋಡುತ್ತ ನಿಲ್ಲುತ್ತಾರೆ.